ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಒಳಗೆ ರಾಡ್ ಹಾಕುತ್ತಾರಲ್ಲ, ಅದರಿಂದ ಮುಂದೆ ತೊಂದರೆ ಆಗುತ್ತದೆಯೇ?

ಹೆಚ್ಚಿನವರಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಟಿಬಿಯಾ ಎಂಬ ಈ ಮೂಳೆಯ ಒಳಗೆ ಮಜ್ಜೆ ತುಂಬಿದ ಪೊಳ್ಳು ಇರುತ್ತದೆ. ಮಂಡಿಚಿಪ್ಪಿನ ಬಳಿ ಸಣ್ಣದಾಗಿ ಕೊಯ್ದು ಅದರೊಳಗೆ ಲೋಹದ ರಾಡ್ ಇಳಿಸಿ, ಎರಡೂ ತುದಿಗಳಲ್ಲಿ ಅಡ್ಡ ಸ್ಕ್ರೂ ಬಿಗಿಯುತ್ತಾರೆ. ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ತೊಡೆಮೂಳೆಗೆ ಇಂಥ ರಾಡ್ ಹಾಕಿದ್ದರು. ಸಾಮಾನ್ಯವಾಗಿ ಮುರಿದ ಜಾಗವನ್ನು ತೆರೆಯುವುದಿಲ್ಲವಾದ್ದರಿಂದ ಅಲ್ಲಿನ ರಕ್ತಸಂಚಾರ ಕೆಡದೆ ಉಳಿಯುತ್ತದೆ. ಈ ವಿಧಾನದ ದೊಡ್ಡ ಲಾಭವೇ ಅದು.

ಅತಿ ಸಾಮಾನ್ಯ ದೂರು ಮಂಡಿಯ ಮುಂಭಾಗದ ನೋವು. ನಡೆಯುವಾಗ ಅಷ್ಟಾಗಿ ಕಾಡದಿದ್ದರೂ, ನೆಲ ಒರೆಸಲು ಮಂಡಿಯೂರಿದ ಕೂಡಲೇ ಚುಚ್ಚುತ್ತದೆ. ರಾಡ್ ತೆಗೆಸಿದರೆ ಕೆಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ.

ನಿಜವಾಗಿ ಹೆದರಬೇಕಾದದ್ದು ಮೊದಲ ದಿನಗಳಲ್ಲಿ ಬರಬಹುದಾದ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ಗೆ. ಸ್ನಾಯುಗಳೊಳಗೆ ಒತ್ತಡ ಏರಿ ಮೀನಖಂಡ ಕಲ್ಲಿನಂತೆ ಬಿಗಿಯುತ್ತದೆ, ನೋವಿನ ಔಷಧಿಗೂ ನೋವು ಜಗ್ಗುವುದಿಲ್ಲ, ಬೇರೆಯವರು ಕಾಲ್ಬೆರಳನ್ನು ಮೆಲ್ಲಗೆ ಎಳೆದರೂ ರೋಗಿ ಚೀರುತ್ತಾನೆ. ಪಾದದ ನಾಡಿ ಸಿಗುತ್ತಿದೆ ಎಂದು ಸುಮ್ಮನಿರಬೇಡಿ. ಬೆಳಗಿನವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕರೆಯಿರಿ. ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶ ತಲುಪುವುದೂ ಉಂಟು. ಅಪರೂಪವಾದರೂ, ಮೊದಲ ಮೂರು ದಿನಗಳಲ್ಲಿ ಉಸಿರಾಟ ಕಷ್ಟವಾದರೆ ಅಥವಾ ಮಾತು ತೊದಲಿ ಗೊಂದಲ ಕಂಡರೆ ಅದೂ ತುರ್ತೇ.

ಗಾಯ ತೆರೆದ ಮುರಿತಗಳಲ್ಲಿ ಸೋಂಕಿನ ಅಪಾಯ ಹೆಚ್ಚು. ತಿಂಗಳುಗಳು ಕಳೆದರೂ ಮೂಳೆ ಕೂಡದಿದ್ದರೆ ಸ್ಕ್ರೂ ಮುರಿಯಬಹುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ನಿಧಾನ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.