ನೀರಿಲ್ಲದ ಗುಡ್ಡದಲ್ಲಿ ಮತ್ತೆ ಮತ್ತೆ ಸುರಂಗ ತೋಡಿಸುವ ಛಲ ಎಲ್ಲಿಂದ ಬರುತ್ತದೆ?

ಮೇಲಿಂದ ಮೇಲೆ ಸೋತರೂ ಕೆಲವರು ಅಪಾಯಕ್ಕೆ ಮೈಯೊಡ್ಡಿ ಹಿಡಿದ ಕೆಲಸ ಮುಂದುವರಿಸುತ್ತಾರಲ್ಲ, ಅದು ಹುಟ್ಟುಗುಣವೇ ಎಂದು ನೀವು ಕೇಳಿದ್ದೀರಿ. ಹುಟ್ಟುಗುಣ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ನನಗೆ ಕೂಡಲೇ ನೆನಪಾಗುವವರು ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು.

ತೆಂಗು, ಅಡಕೆ ಮರ ಹತ್ತುವ ಕೂಲಿ ಮಾಡುತ್ತಿದ್ದ ಅವರಿಗೆ 1978ರಲ್ಲಿ ತೋಟದ ಯಜಮಾನರೊಬ್ಬರು ಎರಡು ಎಕರೆ ಗುಡ್ಡದ ಜಾಗ ಕೊಟ್ಟರು. ಅಲ್ಲಿ ನೀರಿನ ಆಸರೆಯೇ ಇರಲಿಲ್ಲ. ಹಗಲು ಕೂಲಿ ಮುಗಿಸಿ, ಕತ್ತಲಾದ ಮೇಲೆ ದೀಪ ಇಟ್ಟುಕೊಂಡು ಅವರು ಒಬ್ಬರೇ ಸುರಂಗ ತೋಡತೊಡಗಿದರು. ಮೊದಲು ತೋಡಿದ ಹಲವು ಸುರಂಗಗಳಲ್ಲಿ ನೀರು ಬರಲಿಲ್ಲ, ನೋಡಿದವರು ನಕ್ಕರು. ವರ್ಷಗಳ ಬಳಿಕ ನೀರು ಸಿಕ್ಕಿತು, ತೋಟವೂ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದರೆ ಪ್ರಶಸ್ತಿಗಿಂತ ಆ ಕೆಲಸದ ಬಗೆಯನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಉತ್ತರ ಸಿಗುತ್ತದೆ. ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ತೋಡುವ ದಾರಿ; ಮಳೆಗಾಲದಲ್ಲಿ ಇಂಗಿದ ನೀರು ಅದರೊಳಗೆ ಜಿನುಗಿ, ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಒಳಗೆ ಹೋದಂತೆ ಗಾಳಿ ಕಡಿಮೆಯಾಗುತ್ತದೆ, ದೀಪದ ಕುಡಿ ಸಣ್ಣಗಾದರೆ ಹೊರಗೆ ಬರಬೇಕು. ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಗಟ್ಟಿಯಾಗಿ ನಿಲ್ಲುತ್ತದೆ. ನೆನೆದ ಮೆದು ಮಣ್ಣು ಸಿಕ್ಕರೆ ನೀರು ಹತ್ತಿರವಿದೆಯೆಂಬ ಆಸೆ ಹುಟ್ಟುವುದೂ ನಿಜ, ಅದೇ ಮಣ್ಣು ಕುಸಿಯುವ ಭಯವಿರುವುದೂ ನಿಜ. ಇಂತಹ ಸುಳಿವುಗಳನ್ನು ಬಲ್ಲವನಿಗೆ ನಿನ್ನೆಗಿಂತ ಇಂದಿನ ಮಣ್ಣು ತಣ್ಣಗಿದೆಯೆಂಬ ಒಂದೇ ಸಂಗತಿ ನಾಳೆ ಮತ್ತೆ ಪಿಕ್ಕಾಸು ಹಿಡಿಯಲು ಸಾಕಾಗುತ್ತದೆ. ದಾರಿಹೋಕರಿಗೆ ಹುಚ್ಚಿನಂತೆ ಕಂಡದ್ದು ಅವನ ಪಾಲಿಗೆ ಲೆಕ್ಕಾಚಾರ.

ಕೈಬಿಟ್ಟರೆ ಉಳಿಯುವುದೇನು ಎಂಬುದೂ ಮುಖ್ಯ. ಸ್ವಂತ ಜಾಗವಿದ್ದೂ ನೀರಿಲ್ಲದೆ ಜೀವನವಿಡೀ ಬೇರೆಯವರ ಮರ ಹತ್ತುತ್ತಿರಬೇಕಾದವನಿಗೆ ಸುಮ್ಮನಿರುವುದು ಸುರಕ್ಷಿತವಾದ ಆಯ್ಕೆಯೇನಲ್ಲ.

ಛಲದ ಮಾತು ಬಂದಾಗ ಜನ ಸಾಮಾನ್ಯವಾಗಿ ಗಮನಿಸದ ಇನ್ನೊಂದು ವಿಷಯವಿದೆ. ಸುರಂಗಕ್ಕೆ ನಾಯ್ಕರು ಹಾಕಿದ್ದು ತಮ್ಮ ರಟ್ಟೆಯ ದುಡಿಮೆಯನ್ನು, ಸಾಲದ ಹಣವನ್ನಲ್ಲ. ಹಗಲಿನ ಕೂಲಿ ನಡೆಯುತ್ತಲೇ ಇದ್ದುದರಿಂದ ಒಂದು ಸುರಂಗ ಒಣಗಿದ್ದರೂ ಮನೆಯ ಒಲೆ ಆರುತ್ತಿರಲಿಲ್ಲ. ಬಯಲುಸೀಮೆಯಲ್ಲಿ ಸಾಲ ಮಾಡಿ ಕೊಳವೆಬಾವಿ ಕೊರೆಸಿ, ನೀರು ಬೀಳದೆ ಕುಸಿದುಹೋದ ರೈತರಲ್ಲಿ ಇದಕ್ಕಿಂತ ಕಡಿಮೆ ಛಲವಿತ್ತೆಂದು ನಾನು ಖಂಡಿತ ಹೇಳಲಾರೆ. ಅವರಿಗೆ ಎರಡನೆಯ ಸಲ ಸೋಲುವಷ್ಟು ಅನುಕೂಲ ಇರಲಿಲ್ಲ.