ಮೊದಲ ಗೇರಿನಲ್ಲಿ ನಡುಕ, ಮೆತ್ತಗಿನ ಕ್ಲಚ್ ಪೆಡಲ್

ಪೆಡಲ್ ಮೆತ್ತಗಾಗಿ, ಕಾಲು ಸ್ವಲ್ಪ ಎತ್ತುವಷ್ಟರಲ್ಲೇ ಕ್ಲಚ್ ಹಿಡಿಯುತ್ತೆ ಅಂದರೆ ಬಹುಶಃ ಹೈಡ್ರಾಲಿಕ್ ಲೈನಿನಲ್ಲಿ (ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ಫ್ಲೂಯಿಡಿನ ಕೊಳವೆ) ಗಾಳಿ ಸೇರಿದೆ. ಹೊರಡುವಾಗಿನ ನಡುಕ ಬೇರೆಯದೇ ತೊಂದರೆ ಇರಬಹುದು, ಎರಡನ್ನೂ ಒಂದೇ ಅಂದುಕೊಂಡು ಕ್ಲಚ್ ಬದಲಿಸೋಕೆ ಹೋಗಬೇಡಿ.

ಮೊದಲು ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿ. ಗಟ್ಟಿಯಾಗಿ, ಹಿಡಿಯುವ ಜಾಗ ಮೇಲೆ ಬಂದರೆ ಬಹುಶಃ ಗಾಳಿಯೇ. ಫ್ಲೂಯಿಡ್ ಕಪ್ಪಾಗಿದ್ದರೆ ಪೂರ್ತಿ ಬದಲಿಸಿ ಬ್ಲೀಡ್ ಮಾಡಿ, ಅಂದರೆ ಲೈನಿನ ಗಾಳಿ ಹೊರಗೆ ತೆಗೆಯಿರಿ. ಫ್ಲೂಯಿಡ್ ದರ್ಜೆ ಡಾಟ್ 3 ಅಥವಾ 4, ಗಾಡಿಯ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದೇ. ಪೇಂಟಿಗೆ ತಾಗದಂತೆ ಜೋಪಾನ. ಸ್ಲೇವ್ ಸಿಲಿಂಡರಿನ (ಗೇರ್‌ಬಾಕ್ಸ್ ಕಡೆ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಬ್ಬರ್ ಬೂಟು ಹೊರಗಿದ್ದರೆ ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಸೋರುತ್ತಿದೆ.

ಆಮೇಲೆ ನಡುಕ. ಬೆಳಗ್ಗೆ ಮಾತ್ರ ಬಂದು ನಾಲ್ಕು ಸಲ ಹೊರಟ ಮೇಲೆ ಹೋದರೆ ಕ್ಲಚ್ಚಿನೊಳಗಿನ ತೇವದ ತುಕ್ಕು, ಚಿಂತೆ ಬೇಡ. ಬಿಸಿಯಾದ ಮೇಲೂ ಇದ್ದರೆ ಎಂಜಿನ್, ಗೇರ್‌ಬಾಕ್ಸ್ ಮೌಂಟ್ (ಅವನ್ನು ಹಿಡಿದಿಡುವ ರಬ್ಬರ್ ಆಧಾರ) ನೋಡಿ. ನನ್ನ ಗಾಡಿಯಲ್ಲಿ ಸೀಳಿದ ಮೌಂಟೇ ಕಾರಣವಾಗಿತ್ತು.

ಮೌಂಟ್ ಸರಿಯಿದ್ದರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದೆಯೋ, ಫ್ಲೈವೀಲ್ (ಪ್ಲೇಟು ಒತ್ತಿ ಹಿಡಿಯುವ ಎಂಜಿನ್ ಚಕ್ರ) ಸುಟ್ಟು ನೀಲಿಯಾಗಿದೆಯೋ ಗೇರ್‌ಬಾಕ್ಸ್ ಇಳಿಸದೆ ಹೇಳೋಕಾಗಲ್ಲ. ಇಳಿಸಿದಾಗ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ಆಯಿಲ್ ಸೀಲನ್ನೂ ನೋಡಿಸಿ. ಅದು ಸೋರುತ್ತಿದ್ದರೆ ಹೊಸ ಪ್ಲೇಟೂ ಹಾಳಾಗುತ್ತೆ.