ಥ್ಯಾಂಕ್ಸ್ ದೇವರಿಗೆ ಮಾತ್ರಾನಾ?

ಪ್ರಿಯ ಸಹೋದರಿ,

ನಿಮ್ಮ ಪತ್ರ ಉದ್ದ ಇತ್ತು, ಪೂರ್ತಿ ಹಾಕಲು ಜಾಗ ಇಲ್ಲ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ಹುಬ್ಬಳ್ಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಮಗನಿಗೆ 12 ವರ್ಷ, ಮಗಳಿಗೆ 8. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡು ಅಂದರೆ ಮಗ ಕೇಳಿದನಂತೆ, "ಕಿರಾಣಿ ತಂದದ್ದು ಪಪ್ಪ, ರೊಟ್ಟಿ ಬಡಿದದ್ದು ನೀನು, ಥ್ಯಾಂಕ್ಸ್ ಮಾತ್ರ ದೇವರಿಗಾ?" ಪಪ್ಪನಿಗೆ ಸಿಟ್ಟು ಬಂತು. ಊಟ ಇಲ್ಲದ ಮಕ್ಕಳ ಬಗ್ಗೆ ದೊಡ್ಡ ಭಾಷಣ ಆಯಿತು, ಮೊಬೈಲ್ ಕಪಾಟು ಸೇರಿತು. ಈಗ ಹುಡುಗ ಕಣ್ಣು ಮುಚ್ಚುತ್ತಾನೆ, ಬಾಯಿ ಬಿಡುವುದಿಲ್ಲ. "ಇವನ ನಂಬಿಕೆ ಹೋಯಿತಾ, ನಾವೆಲ್ಲಿ ತಪ್ಪಿದೆವು?" ಅಂತ ನೀವು ಕೇಳಿದ್ದೀರಿ.

ಹೋಗಿಲ್ಲ. ನನಗಂತೂ ಆ ಪ್ರಶ್ನೆ ಬಹಳ ಹಿಡಿಸಿತು. ರೊಟ್ಟಿ ಯಾರು ಬಡಿದರು ಅಂತ ನೋಡುವ ಹುಡುಗರು ಎಷ್ಟು ಮಂದಿ ಇದ್ದಾರೆ ಹೇಳಿ! ತಟ್ಟೆಗೆ ಬಿದ್ದದ್ದನ್ನು ತಿಂದು ಎದ್ದು ಹೋಗುವವರೇ ಜಾಸ್ತಿ. ಇವನು ನಿಮ್ಮ ಕೈ ನೋಡಿದ್ದಾನೆ, ಅಪ್ಪನ ದುಡಿಮೆ ನೋಡಿದ್ದಾನೆ. ಅವನಿಗೆ "ಹೌದಪ್ಪಾ, ಸರಿಯಾಗಿ ಹೇಳಿದೆ, ಮೊದಲು ಮಮ್ಮಿಗೇ ಹೇಳೋಣ" ಅಂದರೆ ದೇವರಿಗೇನೂ ಕಡಿಮೆ ಆಗುವುದಿಲ್ಲ.

ಅಲ್ಲಿಂದಲೇ ಮುಂದಕ್ಕೆ ಹೋಗಿ. ನಿಮ್ಮ ಕಡೆ ಎರೆಹೊಲದ ಜೋಳ ಹಿಂಗಾರಿನ ಬೆಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ, ಆಮೇಲೆ ದೊಡ್ಡ ಮಳೆ ಬರದಿದ್ದರೂ ಕರಿ ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಅದು ಬೆಳೆದು ಜನವರಿ, ಫೆಬ್ರವರಿಗೆ ಕೊಯ್ಲಿಗೆ ಬರುತ್ತದೆ. ಪಪ್ಪ ಅಂಗಡಿಯವನಿಗೆ ದುಡ್ಡು ಕೊಟ್ಟರು, ಅಂಗಡಿಯವನು ಪೇಟೆಯಲ್ಲಿ ಕೊಟ್ಟ, ಅದರಲ್ಲಿ ಸ್ವಲ್ಪ (ಸ್ವಲ್ಪವೇ!) ರೈತನಿಗೆ ಹೋಯಿತು, ಆದರೆ ಆ ಹಸಿಗೆ ಯಾರೂ ದುಡ್ಡು ಕೊಟ್ಟಿಲ್ಲ, ಯಾರೂ ಅದನ್ನು ಮಾಡಿಯೂ ಇಲ್ಲ. ಇಷ್ಟು ಹೇಳಿ ಸುಮ್ನೆ ಇದ್ದುಬಿಡಿ. ದೇವರ ಹೆಸರನ್ನು ನೀವೇ ತಂದು ಸೇರಿಸಬೇಡಿ. ಹನ್ನೆರಡರ ಹುಡುಗನಿಗೆ ಅಲ್ಲಿಂದ ಮುಂದೆ ಯೋಚನೆ ಮಾಡಲು ಬರುತ್ತದೆ.

ಇನ್ನು ಆ ಭಾಷಣ. ನಿಮ್ಮ ಯಜಮಾನರು ಬೇಸರ ಮಾಡಿಕೊಳ್ಳಬಾರದು, ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವ ಕೆಲಸವೇ ಅದು. "ಎಷ್ಟೋ ಮಕ್ಕಳಿಗೆ ಊಟ ಇಲ್ಲ, ನಿನಗೆ ದೇವರು ಕೊಟ್ಟಿದ್ದಾನೆ, ಸ್ತೋತ್ರ ಹೇಳು," ಅಂದರೆ ದೇವರಿಗೆ ಥ್ಯಾಂಕ್ಸ್ ಹೇಳು. ಚುರುಕು ಹುಡುಗ ಮುಂದೇನು ಕೇಳುತ್ತಾನೆ ಗೊತ್ತಾ? "ಅವರಿಗೆ ಯಾಕೆ ಕೊಡಲಿಲ್ಲ?" ಅದಕ್ಕೆ ಪಪ್ಪನ ಹತ್ತಿರ ಉತ್ತರ ಇಲ್ಲ, ನನ್ನ ಹತ್ತಿರವೂ ಇಲ್ಲ. ಇನ್ನೊಬ್ಬರ ಹಸಿವನ್ನು ತೋರಿಸಿ ನಮ್ಮ ಮಗನ ಬಾಯಿಂದ ಸ್ತೋತ್ರ ಹೊರಡಿಸುವುದು ಸಾಲಗಾರನ ಹತ್ತಿರ ಬಡ್ಡಿ ವಸೂಲಿ ಮಾಡಿದ ಹಾಗೆ. ವಸೂಲಿ ಆಗುತ್ತದೆ, ಆದರೆ ಬಡ್ಡಿ ಕಟ್ಟಿದವನ ಮನಸ್ಸಿನಲ್ಲಿ ಪ್ರೀತಿ ಇರುವುದಿಲ್ಲ.

ಸತ್ಯವೇದದಲ್ಲಿ (ಬೈಬಲ್ಲಿನಲ್ಲಿ) ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ತೆಗೆದು ನೋಡಿ. ರೈತ ಮೊದಲ ಫಲವನ್ನು ಪುಟ್ಟಿಯಲ್ಲಿ ತುಂಬಿಕೊಂಡು ಯಾಜಕನ ಮುಂದೆ ಬರುತ್ತಾನೆ. ಬಂದು ಪಕ್ಕದ ಮನೆಯವನ ಬಡತನ ಹೇಳುವುದಿಲ್ಲ, ತನ್ನ ಮನೆಯ ಬಡತನ ಹೇಳುತ್ತಾನೆ. ನನ್ನ ಹಿರಿಯನು ನೆಲೆ ಇಲ್ಲದೆ ಅಲೆದವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನಮ್ಮನ್ನು ಬಿಟ್ಟಿ ದುಡಿಸಿದರು, ನಾವು ಕೂಗಿಕೊಂಡೆವು, ದೇವರು ಕೇಳಿದನು, ಈಗ ಈ ಹೊಲ ಇದೆ. ಆಮೇಲೆ ಏನು? ದೇವರ ಸೇವೆ ಮಾಡುವ, ಸ್ವಂತ ಹೊಲ ಇಲ್ಲದ ಲೇವಿಯರನ್ನೂ ಊರಲ್ಲಿರುವ ಪರದೇಶಿಯನ್ನೂ ಸೇರಿಸಿಕೊಂಡು ಸಂತೋಷಪಡಬೇಕು. ಉಪಕಾರ ನೆನೆಯುವ ಕಡೆ ಹೊರಗಿನವನಿಗೂ ಪಾಲು ಇದೆ. ಊಟ ಇಲ್ಲದ ಮಗುವಿನ ಮಾತು ಬರಬೇಕಾದದ್ದು ಅಲ್ಲಿ.

ನಿಮ್ಮ ಮನೆಗೂ ಇಂಥದ್ದೊಂದು ಕಥೆ ಇದ್ದೇ ಇರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು) ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಗೂ ಬಂದರು. ಆ ಕಾಲದಲ್ಲಿ ಕ್ರೈಸ್ತ ಸಭೆ ಸೇರಿದ ಎಷ್ಟೋ ಜನ ಮನೆಯಿಂದ, ಆಸ್ತಿಯಿಂದ ಹೊರಬಿದ್ದವರು. ಕೆಲವರಿಗೆ ಮಗ್ಗ ಅನ್ನ ಕೊಟ್ಟಿತು, ಕರಾವಳಿಯಲ್ಲಿ 1865ರಿಂದ ಹೆಂಚಿನ ಕಾರ್ಖಾನೆ ಕೊಟ್ಟಿತು, ಇನ್ನು ಕೆಲವರು ಅಕ್ಷರ ಕಲಿತು ಮೇಷ್ಟ್ರಾದರು. ನಿಮ್ಮ ಮುತ್ತಜ್ಜ ಏನು ಮಾಡುತ್ತಿದ್ದರು? ಮಕ್ಕಳಿಗೆ ಗೊತ್ತಾ? ಅಬ್ರಹಾಮನ ವಂಶಾವಳಿ ಬಾಯಿಪಾಠ ಇರುವ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಸ್ವಂತ ಮುತ್ತಜ್ಜನ ಹೆಸರು ಗೊತ್ತಿರುವುದಿಲ್ಲ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ, ಮಗನ ಕೈಯಲ್ಲೇ ಬರೆಸಿ.

ಹಿರಿಯರು ಅಂದೆ, ಹಾಗಾಗಿ ಈಗ ಅಜ್ಜಿಯ ವಿಷಯ. ನೀವು ಅದನ್ನು ಪತ್ರದ ನಡುವೆ ಎರಡೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಹೋದ ಮಳೆಗಾಲದಲ್ಲಿ ಅತ್ತೆಯವರು ತೀರಿಕೊಂಡರು, ಮಗ ಆಸ್ಪತ್ರೆ ಹೊರಗೆ ಕೂತು ಪ್ರಾರ್ಥನೆ ಮಾಡಿದ್ದ, ಮಣ್ಣಿಗೆ ಬಂದ ಒಬ್ಬರು "ದೇವರ ಚಿತ್ತ, ಅಳಬೇಡ, ಸ್ತೋತ್ರ ಹೇಳು" ಅಂದರು. ಸಹೋದರಿ, ನನಗೆ ಅನ್ನಿಸುವುದು, ರೊಟ್ಟಿಯ ಪ್ರಶ್ನೆ ಹೊರಟದ್ದು ಅಲ್ಲಿಂದ. ಕೇಳಿದ್ದನ್ನು ಕೊಡದವನಿಗೆ ಥ್ಯಾಂಕ್ಸ್ ಹೇಳು ಅಂದರೆ ಯಾವ ಮಗುವಿನ ಗಂಟಲು ಕಟ್ಟುವುದಿಲ್ಲ?

ಅಜ್ಜಿ ಸತ್ತದ್ದಕ್ಕೆ ಅವನು ಸ್ತೋತ್ರ ಹೇಳಬೇಕಾಗಿಲ್ಲ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತನು, ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತನು. ಕೀರ್ತನೆ 13 "ಎಷ್ಟರ ತನಕ" ಅಂತಲೇ ಶುರುವಾಗುತ್ತದೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಇವೆಲ್ಲ ಸತ್ಯವೇದದಲ್ಲೇ ಇವೆ, ನಾವು ಮನೆ ಪ್ರಾರ್ಥನೆಯಲ್ಲಿ ಓದುವುದಿಲ್ಲ ಅಷ್ಟೆ. ಒಂದು ರಾತ್ರಿ 13ನ್ನು ಅವನ ಜೊತೆ ಓದಿ, ಆರೇ ವಚನ. ದೇವರ ಮೇಲೆ ಸಿಟ್ಟಿದ್ದರೆ ದೇವರಿಗೇ ಹೇಳಬಹುದು ಅಂತ ಅವನಿಗೆ ಗೊತ್ತಾಗಲಿ. ಅಜ್ಜಿ ಅವನಿಗೆ ಮಾಡಿದ್ದೆಲ್ಲ ಆಮೇಲೆ ತಾನಾಗೇ ನೆನಪಾಗುತ್ತದೆ, ನೀವು ಅವಸರ ಮಾಡಬೇಡಿ. ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆಯುವಾಗ ಅವನ ನಂಬಿಕೆಯನ್ನು ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಕಂಡೆ ಅನ್ನುತ್ತಾನೆ, ನೋಡಿ.

ಒತ್ತಾಯದ ಬಗ್ಗೆ ಇನ್ನೊಂದು ಮಾತು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಒಬ್ಬನೇ ತಿರುಗಿ ಬಂದು ಥ್ಯಾಂಕ್ಸ್ ಹೇಳಿದ ಕಥೆಯನ್ನು ನಾವು ಮಕ್ಕಳನ್ನು ಬೈಯಲು ಬಳಸುತ್ತೇವೆ, "ಆ ಒಂಬತ್ತು ಮಂದಿ ಹಾಗೆ ಆಗಬೇಡ" ಅಂತ. ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ್ದು ನಿಜ. ಆದರೆ ಅವರಿಗೆ ರೋಗ ವಾಪಸ್ ಬಂತು ಅಂತ ಲೂಕನು ಬರೆದಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡಿದ್ದು ಎಲ್ಲೂ ಇಲ್ಲ. ಮೊಬೈಲ್ ವಿಷಯಕ್ಕೆ ಇದನ್ನು ಹೇಳಿದೆ!

ಮಗಳು ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸುತ್ತಾಳೆ ಅಂತ ಬರೆದಿದ್ದೀರಿ, ಅವಳ ಬಗ್ಗೆ ಚಿಂತೆ ಬೇಡ. ಒಂದೇ ಉಸಿರಿಗೆ ಒದರಿ ಆಮೆನ್ ಅನ್ನುವುದು ಆ ವಯಸ್ಸಿನ ಲಕ್ಷಣ.

ಕಾಣಿಕೆ ವಿಷಯಕ್ಕೆ ಮಾತ್ರ ಇಬ್ಬರಲ್ಲೂ ಒಂದು ಬದಲಾವಣೆ ಮಾಡಿ ನೋಡಿ. ಚರ್ಚಿನಲ್ಲಿ ಕಾಣಿಕೆ ಚೀಲ ಹತ್ತಿರ ಬರುವಾಗ ನಾವು ಮಗುವಿನ ಕೈಗೆ ಗಡಿಬಿಡಿಯಲ್ಲಿ 10 ರೂಪಾಯಿ ತುರುಕುತ್ತೇವೆ, ಅಲ್ವಾ? ಅದು ಅಪ್ಪನ ದುಡ್ಡು, ಮಗು ಬರೀ ದಾಟಿಸುತ್ತದೆ. ಈ ಸಲದ ಚರ್ಚಿನ ಸುಗ್ಗಿ ಹಬ್ಬಕ್ಕೆ ಅವರೇ ಬೆಳೆದದ್ದು ಏನಾದರೂ ಒಯ್ಯಲಿ, ಕುಂಡದಲ್ಲಿ ಬೆಳೆದ ಒಂದು ಕಟ್ಟು ಮೆಂತ್ಯವಾದರೂ ಸಾಕು. ಆರಾಧನೆ ಮುಗಿದ ಮೇಲೆ ಹರಾಜಿನಲ್ಲಿ ಅದನ್ನು ಯಾರೋ ಎತ್ತಿ ಹಿಡಿದು ಕೂಗುವಾಗ ಮಕ್ಕಳ ಮುಖ ನೋಡಬೇಕು. ಮಂಗಳೂರು ಕಡೆಯ ಕಥೋಲಿಕರು ಇದರಲ್ಲಿ ನಮಗಿಂತ ಮುಂದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ) ಮೊದಲು ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ತರುತ್ತಾರೆ, ಹಬ್ಬದ ದಿನ ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ಬರುತ್ತದೆ, ಅದರ ಕಾಳು ಬೆರೆಸಿದ ಹೊಸ ಊಟವನ್ನು ಎಲ್ಲರೂ ಒಟ್ಟಿಗೆ ಮಾಡುತ್ತಾರೆ. ಯಾರೂ ಕೂರಿಸಿ ಪಾಠ ಹೇಳುವುದಿಲ್ಲ.

ಇನ್ನು ಸ್ವಲ್ಪ ಖಾರದ ಮಾತು. ಆರು ಪುಟದ ನಿಮ್ಮ ಪತ್ರದಲ್ಲಿ ಮಗ ಥ್ಯಾಂಕ್ಸ್ ಹೇಳುವುದಿಲ್ಲ ಅಂತ ಬಹಳ ಸಲ ಬಂದಿದೆ. ರೊಟ್ಟಿ ಬಡಿದ ನಿಮಗೆ ಯಜಮಾನರು ಏನಾದರೂ ಅಂದರಾ ಅನ್ನುವುದು ಎಲ್ಲೂ ಬಂದಿಲ್ಲ. ಮಗ ನೀರು ತುಂಬಿಟ್ಟರೆ, ತಂಗಿಯನ್ನು ಶಾಲೆಯಿಂದ ಕರೆತಂದರೆ ಅವನಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ತಂದೆಗಳೇ, ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅಂತ ಪೌಲನು ಎಫೆಸ ಊರಿನ ಸಭೆಯವರಿಗೆ ಬರೆದದ್ದು ಸುಮ್ನೆ ಅಲ್ಲ. ಈ ಪುಟವನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ, ಬೈಗುಳ ನನಗೇ ಬರಲಿ.

ಕೊನೆಯಲ್ಲಿ ಕನ್ಫರ್ಮೇಶನ್ ಕ್ಲಾಸ್ ಬಗ್ಗೆ ಕೇಳಿದ್ದೀರಿ, ಈಗಲೇ ಹೆಸರು ಕೊಟ್ಟರೆ ಸರಿಹೋಗುತ್ತಾನಾ ಅಂತ. ಅವಸರ ಬೇಡ. ದೀಕ್ಷಾಸ್ನಾನದ ದಿನ ಅವನ ಪರವಾಗಿ ಮಾತು ಕೊಟ್ಟವರು ನೀವು. ಕನ್ಫರ್ಮೇಶನ್‌ನಲ್ಲಿ ಆ ಮಾತನ್ನು ಅವನೇ ತನ್ನ ಬಾಯಿಂದ ಹೇಳಬೇಕು, ಅದಕ್ಕೇ ಅದು ಇರುವುದು. ಶಿಕ್ಷೆಯ ಹಾಗೆ ಕಳಿಸಿದರೆ ಅಲ್ಲೂ ಬಾಯಿ ಮುಚ್ಚಿಕೊಂಡೇ ಕೂರುತ್ತಾನೆ. ಅದರ ಬದಲು ನಿಮ್ಮ ಅಯ್ಯನವರನ್ನು (ಚರ್ಚಿನ ಪಾದ್ರಿಯನ್ನು) ಒಂದು ಸಂಜೆ ಊಟಕ್ಕೆ ಕರೆಯಿರಿ. ಪ್ರಾರ್ಥನೆಗೆ ಮುಂಚೆ ಮಗ ಅದೇ ಪ್ರಶ್ನೆಯನ್ನು ಅವರಿಗೇ ಕೇಳಲಿ, ನೀವು ನಡುವೆ ಬಾಯಿ ಹಾಕಬೇಡಿ. ಅವರು ಏನು ಹೇಳಿದರು ಅಂತ ನನಗೂ ಬರೆಯಿರಿ, ಈ ಸಲ ಎರಡು ಪುಟದಲ್ಲಿ.

ನಿಮ್ಮ,
ಸಂಪಾದಕ